ರಾಮಲಿಂಗಯ್ಯ ಹೂ ತೆಗೆದದ್ದು

ನಮ್ಮ ರಾಮಲಿಂಗಯ್ಯನ ಬಾಯಿಗೆ ಬೀಗ ಹಾಕಬೇಕಾಗಿದ್ದ ದಿನವೇ ಬೀಗರು ಮನೆಗೆ ಬಂದರು. ಎಲ್ಲ ಶುರುವಾದದ್ದು ಅಲ್ಲಿಂದಲೇ.

ರಾಮಲಿಂಗಯ್ಯ ಕೊಳ್ಳೇಗಾಲದ ರೇಷ್ಮೆ ನೇಕಾರ. ನನ್ನ ಹೆಂಡತಿಯ ಅಕ್ಕ ರಂಗಮ್ಮನ ಗಂಡ, ಅಂದರೆ ನನಗೆ ಷಡ್ಡಕ. ಷಡ್ಡಕನನ್ನು ಯಾರೂ ಆರಿಸಿಕೊಳ್ಳುವುದಿಲ್ಲ, ಹೆಂಡತಿಯ ಜೊತೆ ಪುಕ್ಕಟೆಯಾಗಿ ಬರುತ್ತಾನೆ. ನಾನು ಗಣೇಶ್, ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಮರ್ಯಾದೆಯಿಂದ ಬದುಕುತ್ತಿರುವವನು. ಆದರೆ ನನ್ನ ಹತ್ತಿರ ಸ್ಕೂಟರ್ ಇದೆ, ಅವನ ಹತ್ತಿರ ಇಲ್ಲ. ನನ್ನ ಬಾಳಿನ ಅರ್ಧ ಕಷ್ಟ ಈ ಒಂದೇ ಕಾರಣದಿಂದ ಬಂದದ್ದು.

ಬೀಗರು ಯಳಂದೂರಿನವರು. ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಅರ್ಜಿಗಳಲ್ಲಿ ತಪ್ಪು ಹುಡುಕಿ ನಿವೃತ್ತರಾದವರು. ರಾಮಲಿಂಗಯ್ಯನ ಮಗಳು ಲಿಖಿತಾಳನ್ನು ಅವರ ಮಗನಿಗೆ ಕೊಡುವುದೆಂದು ಮಾತಾಗಿತ್ತು, ಮದುವೆ ಏಪ್ರಿಲ್ ಕೊನೆಗೆ. ಅವತ್ತು ಕೇಸರಿಬಾತ್ ತಿನ್ನುತ್ತ ಮಗ್ಗದ ಮೇಲಿದ್ದ ಸೀರೆಯತ್ತ ನೋಡಿದರು.

"ಎಲ್ಲೋದ್ರೂ ಇದೇ ಮಾವಿನಕಾಯಿ ಬುಟ್ಟಾ ಅಲ್ವೇ ಬೀಗ್ರೇ? ನಮ್ಮಜ್ಜಿ ಕಾಲದಿಂದ ಕಾಯಾಗೇ ಅದೆ, ಒಂದಿನಾನೂ ಹಣ್ಣಾಗ್ನಿಲ್ಲ" ಎಂದು ನಕ್ಕರು.

ನಕ್ಕು ಸುಮ್ಮನಾಗಬೇಕಾದ ಮಾತು. ನಮ್ಮವನು ಎದ್ದು ನಿಂತ.

"ಕಾಯಿ ಯಾತಕ್ಕೆ ಬೀಗ್ರೇ? ಲಿಖಿತನ ಧಾರೆ ಸೀರೇಲಿ ಮಾವಿನ ಹೂವನ್ನೇ ನೇಯ್ತೀನಿ. ನಮ್ಮ ತಾಲ್ಲೂಕಿನ ಮರದ್ದೇ ಹೂವು. ನಿಮ್ಮ ಕಡೆಯೋರು ನಿಜವಾದ ಹೂವೇ ಅಂತ ಮೋಸ ಹೋಗ್ಬೇಕು."

"ಮೋಸ ಹೋಗ್ದೆ ಇದ್ರೆ?"

"ಇನ್ನು ಈ ಜನ್ಮದಲ್ಲಿ ಮಗ್ಗ ಮುಟ್ಟಲ್ಲ."

ಒಳಗೆ ರಂಗಮ್ಮನ ಕೈಯಿಂದ ಸೌಟು ಬಿದ್ದ ಸದ್ದು ಕೇಳಿಸಿತು. ಅವನಪ್ಪನ ಕಾಲದ ಮಗ್ಗ ಅದು. ಅದನ್ನು ಬಿಟ್ಟರೆ ಈ ಮನುಷ್ಯನಿಗೆ ಲೋಕದಲ್ಲಿ ಬರುವ ಕೆಲಸ ಮಾತಾಡುವುದೊಂದೇ, ಅದರಿಂದ ಯಾರ ಹೊಟ್ಟೆಯೂ ತುಂಬಿಲ್ಲ. ಬೀಗರು ಹಲ್ಲಿಗೆ ಸಿಕ್ಕಿದ ಗೋಡಂಬಿಯನ್ನು ನಿಧಾನವಾಗಿ ಅಗಿದು, "ಆಯ್ತು, ಧಾರೆ ದಿವ್ಸ ನೋಡಾನ" ಎಂದರು. ಕಚೇರಿಯ ಮೊಹರು ಒತ್ತಿದ ಹಾಗಿತ್ತು ಆ ಮಾತು.

ಮಾರನೆಯ ದಿನ ನಾವಿಬ್ಬರೂ ದಿನೇಶನ ಮುಂದೆ ಕೂತಿದ್ದೆವು. ದಿನೇಶ ಸೀರೆಗೆ ಡಿಸೈನ್ ಮಾಡುವವನು. ಅವನು ಕಂಪ್ಯೂಟರಿನಲ್ಲಿ ಗ್ರಾಫ್ ಹಾಕಿ ತೂತಿನ ಕಾರ್ಡು ಹೊಡೆಸಿಕೊಟ್ಟರೆ, ಅದನ್ನು ಮಗ್ಗದ ಮೇಲೆ ಕಟ್ಟಿ ಆ ಪ್ರಕಾರ ನೇಯುತ್ತಾರೆ.

"ದೂರದಿಂದ ತೆಗೆದ್ರೆ ಮಾವಿನ ಹೂ ಪೊರಕೆ ಥರ ಕಾಣ್ತದೆ ರಾಮಲಿಂಗಣ್ಣ. ಒಂದೊಂದು ಎಸಳೂ ಎಣಿಸೋ ಹಂಗೆ ಹತ್ರದಿಂದ ಫೋಟೊ ತಕಂಡ್ಬನ್ನಿ. ಇಲ್ಲಾಂದ್ರೆ ಇಂಟರ್ನೆಟ್ಟಲ್ಲಿ ಬೇಕಾದಷ್ಟಿದೆ, ಇಳಿಸ್ಕೊಳ್ಳಾನ."

"ಊಹೂಂ! ನಮ್ಮ ತಾಲ್ಲೂಕಿನ ಮರ ಅಂತ ಬೀಗರಿಗೆ ಮಾತು ಕೊಟ್ಟಿದೀನಿ."

ಲಿಖಿತಾ ಫೋನಿಗೆ ಸಿಕ್ಕಿಸುವ, ಅಂಗಿಯ ಗುಂಡಿಯಷ್ಟು ದೊಡ್ಡ ಲೆನ್ಸೊಂದನ್ನು ಆನ್‌ಲೈನಿನಲ್ಲಿ ತರಿಸಿಕೊಟ್ಟಳು. ಅದಕ್ಕೇನೋ ಇಂಗ್ಲಿಷ್ ಹೆಸರಿತ್ತು. ರಾಮಲಿಂಗಯ್ಯನ ನಾಲಗೆ ಎರಡು ಸಲ ತೊಡರಿ, ಮೂರನೆಯ ಸಲ ಪ್ರೈಮರಿ ಸ್ಕೂಲಿನ ಹೆಸರಿಗೇ ವಾಪಸು ಬಂತು: ಭೂತಗನ್ನಡಿ. ಒಂದು ವಾರ ಮನೆಯವರ ಮೇಲೆ ಪ್ರಯೋಗ ನಡೆಯಿತು. ಒಗ್ಗರಣೆಯ ಸಾಸಿವೆಯನ್ನು ಹತ್ತಿರದಿಂದ ತೆಗೆದು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದ. ಹನೂರಿನ ಚಿಕ್ಕಮ್ಮ, "ಇದು ಚಂದ್ರಗ್ರಹಣವಾ? ಯಾವತ್ತು? ನಾನು ಊಟ ಮಾಡಿಬಿಟ್ಟೆನಲ್ಲಾ!" ಎಂದು ಫೋನ್ ಮಾಡಿ ಅತ್ತರು.

ಇಷ್ಟೆಲ್ಲ ಆಗುವಷ್ಟರಲ್ಲಿ ಮಾಘ ಮಾಸ ಬಂದಿತ್ತು, ಮಾವು ಮೈತುಂಬ ಹೂ ಬಿಟ್ಟಿತ್ತು. ಇನ್ನು ಹದಿನೈದು ದಿನ ತಡವಾದರೆ ಹೂವೂ ಇಲ್ಲ, ಸೀರೆಯೂ ಇಲ್ಲ, ಮಗ್ಗವೂ ಇಲ್ಲ. ಅಂಗಡಿಗೆ ಬೀಗ ಹಾಕಿ ಸ್ಕೂಟರ್ ತೆಗೆದೆ.

ಮುಳ್ಳೂರಿನ ದಾರಿಯಲ್ಲಿ ಒಂದು ತೋಟ. ಬಾವಿಯ ಪಕ್ಕ ದೊಡ್ಡ ರಸಪುರಿ ಮರ, ಕೈಗೆ ಸಿಗುವ ಎತ್ತರದಲ್ಲಿ ಹೂಗೊಂಚಲು. ಯಾರೂ ಇರಲಿಲ್ಲ. ಎರಡು ಸಲ ಕೂಗಿ ನೋಡಿ ಒಳಗೆ ಹೋದೆವು. ರಾಮಲಿಂಗಯ್ಯ ಭೂತಗನ್ನಡಿ ಸಿಕ್ಕಿಸಿ ಗೊಂಚಲಿಗೆ ಮೂಗು ತಾಗಿಸಿ ನಿಂತರೆ, ಗಾಳಿ ಬೀಸಿ ಹೂವು ಅವನ ಕೆನ್ನೆಗೆ ಹೊಡೆಯಿತು. ಮತ್ತೆ ನಿಂತ, ಮತ್ತೆ ಹೊಡೆಯಿತು. ಎಪ್ಪತ್ತು ಫೋಟೊ ತೆಗೆದ, ಎಪ್ಪತ್ತರಲ್ಲೂ ಮಂಜು.

ಕೊನೆಗೆ ಜೇಬಿನಿಂದ ಕೆಂಪು ರೇಷ್ಮೆ ಎಳೆ ತೆಗೆದ. ನೇಕಾರನ ಜೇಬಿನಲ್ಲಿ ಕಾಸಿಲ್ಲದಿದ್ದರೂ ಎಳೆ ಇರುತ್ತದೆ. ಕೊಂಬೆಗೆ ಒಂದು ಕೋಲು ನಿಲ್ಲಿಸಿ, ಎರಡಕ್ಕೂ ಸೇರಿಸಿ ಏಳು ಸುತ್ತು ಸುತ್ತಿ, ಮಗ್ಗದಲ್ಲಿ ಕಡಿದ ಎಳೆಗೆ ಹಾಕುವ ಗಂಟು ಹಾಕಿದ. ಆ ಗಂಟು ಎಳೆದಷ್ಟೂ ಬಿಗಿಯುತ್ತದೆ, ಬಿಚ್ಚುವ ಉಪಾಯ ನೇಕಾರರಿಗೆ ಮಾತ್ರ ಗೊತ್ತು. ಆದರೂ ಗಾಳಿ ನಿಲ್ಲಲಿಲ್ಲ. ರಂಗಮ್ಮ ಕಟ್ಟಿಕೊಟ್ಟಿದ್ದ ಚಿತ್ರಾನ್ನಕ್ಕೆ ಹುಳಿ ಕಮ್ಮಿಯಾಗಿತ್ತು, ನಾನು ಒಂದು ನಿಂಬೆಹಣ್ಣು ಕೊಯ್ದು ಹಿಂಡಿದೆ. ತಿಂದೆವು, ಒಂದಿಷ್ಟು ಚೆಲ್ಲಿದೆವು, ನಾಳೆ ಬರೋಣ ಎಂದು ಹೊರಟೆವು. ಎಳೆ ಬಿಚ್ಚಲು ಮರೆತೆವು.

ಓದುಗರು ಸ್ವಲ್ಪ ಯೋಚಿಸಬೇಕು. ಮಾರನೆಯ ಬೆಳಗ್ಗೆ ತೋಟದ ಯಜಮಾನ ಬಂದು ನೋಡುತ್ತಾನೆ. ಫಸಲಿನ ಮರಕ್ಕೆ ಏಳು ಸುತ್ತು ಕೆಂಪು ದಾರ. ಬುಡದಲ್ಲಿ ಹಳದಿ ಅನ್ನ. ಪಕ್ಕದಲ್ಲಿ ಹೋಳು ಮಾಡಿದ ನಿಂಬೆಹಣ್ಣು. ನೆಲದ ತುಂಬ ಉದುರಿದ ಹೂವು. ನಮ್ಮ ಸೀಮೆಯಲ್ಲಿ ಇದಕ್ಕೆ ಯಾರೂ ಚಿತ್ರಾನ್ನ ಎನ್ನುವುದಿಲ್ಲ, ಮಾಟ ಎನ್ನುತ್ತಾರೆ.

ಮಾಟ ತೆಗೆಯುವವರು ಬೇಕೆಂದರೆ ಈ ರಾಜ್ಯದ ಜನ ಎಲ್ಲಿಂದ ಕರೆಸುತ್ತಾರೆ? ಕೊಳ್ಳೇಗಾಲದಿಂದ. ನಾವು ಎಷ್ಟೇ ಒಳ್ಳೆಯ ಸೀರೆ ನೇಯ್ದರೂ ಊರಿಗೆ ಬಂದ ಹೆಸರು ಅದು. ಯಜಮಾನನ ಮಗ ಬಸವೇಶ ಯಾರಿಗೋ ಫೋನ್ ಮಾಡಿದನಂತೆ, "ಇಬ್ಬರು ಸ್ಕೂಟರಿನಲ್ಲಿ ಬರುತ್ತಾರೆ" ಎಂದು ಅತ್ತಲಿಂದ ಉತ್ತರ ಬಂತಂತೆ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಆ ಹೊತ್ತಿಗೆ ಸರಿಯಾಗಿ ಕೊಳ್ಳೇಗಾಲದ ಕಡೆಯಿಂದ ಇಬ್ಬರು ಸ್ಕೂಟರಿನಲ್ಲಿ ಬಂದೆವು, ಹೆಗಲಲ್ಲಿ ಚೀಲ ಬೇರೆ.

ತೋಟದ ಮುಂದೆ ಮೂವತ್ತು ಜನ ನಿಂತಿದ್ದರು. "ಬಂದ್ರು! ಕೊಳ್ಳೇಗಾಲ್ದವ್ರು ಬಂದ್ರು!" ಎಂದು ದಾರಿ ಬಿಟ್ಟರು.

"ನೋಡ್ದಾ, ನಮ್ಮ ಫೋಟೊ ಸುದ್ದಿ ಇಲ್ಲೀವರ್ಗೂ ಬಂದದೆ" ಎಂದು ರಾಮಲಿಂಗಯ್ಯ ನನ್ನ ಕಿವಿಯಲ್ಲಿ ಹೇಳಿ ಅಂಗಿಯ ಕಾಲರ್ ಸರಿಮಾಡಿಕೊಂಡ.

ಯಜಮಾನ ಕೈ ಮುಗಿದು ಮುಂದೆ ಬಂದ. "ನಾನು ಪುಟ್ಟಮಾದಪ್ಪ ಸಾಮಿ, ಮರ ನಮ್ದೇಯ. ಎಂಗಾರ ಮಾಡಿ ನೀವೇ ತೆಗೀಬೇಕು."

"ತೆಗೆಯೋಕೇ ಬಂದಿರೋದು. ನೆನ್ನೇನೇ ತೆಗೆದು ಮುಗಿಸ್ಬಿಡ್ತಿದ್ದೆ, ಗಾಳಿ ಬಿಡ್ಲಿಲ್ಲ."

ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ಹಳ್ಳಿಯಲ್ಲಿ ಗಾಳಿ ಎಂದರೆ ಬೀಸುವ ಗಾಳಿಯೂ ಹೌದು, ಮೆಟ್ಟುವ ಗಾಳಿಯೂ ಹೌದು. ಯಾವುದು ಎಂದು ಕೇಳಿ ತಿಳಿದುಕೊಳ್ಳುವ ಸಮಾಧಾನ ಅಲ್ಲಿ ಯಾರಿಗೂ ಇರಲಿಲ್ಲ.

"ಮರ್ದಲ್ಲಿ ಗಾಳಿ ಅದಾ ಸಾಮಿ?"

"ಇಲ್ದೆ ಏನು! ಭಾರಿ ಗಾಳಿ. ಕೊಂಬೆ ಹಿಡ್ಕೊಂಡು ಅಲ್ಲಾಡಿಸ್ತಿತ್ತು. ನನ್ನ ಕೆನ್ನೆಗೇ ನಾಕು ಬಾರಿಸ್ತು."

"ಅವ್ವೌ! ಕೊಳ್ಳೇಗಾಲ್ದಲ್ಲಿ ಕುಂತಿದ್ದೋರಿಗೇ ಬಾರ್ಸ್ಯದ ಕಣ್ಲಾ!" ಎಂದು ಪುಟ್ಟಮಾದಪ್ಪನ ತಾಯಿ ಚನ್ನಾಜಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ಎಂಬತ್ತರ ಮುದುಕಿ, ಆ ಮರ ನೆಟ್ಟವರೇ ಅವರು. ಊರುಗೋಲು ಊರಿಕೊಂಡು ಹತ್ತಿರ ಬಂದು, "ಅದೇನಪ್ಪ ಕೈಯಲ್ಲಿರದು?" ಎಂದು ಕೇಳಿದರು.

"ಇದಾ ಅಜ್ಜಿ? ಭೂತ..."

ಅಲ್ಲಿಗೆ ಸರಿಯಾಗಿ ಅವನಿಗೆ ಕೆಮ್ಮು ಬಂತು. ಕೆಮ್ಮಿ ಮುಗಿಸಿ "...ಗನ್ನಡಿ" ಎನ್ನುವಷ್ಟರಲ್ಲಿ ಕೇಳಲು ಯಾರೂ ಹತ್ತಿರವಿರಲಿಲ್ಲ. ಎಲ್ಲರೂ ಬಾವಿಯ ಆಚೆ ಇದ್ದರು. ಮುದುಕಿಯೇ ಎಲ್ಲರಿಗಿಂತ ಮುಂದಿದ್ದರು.

ನನಗೆ ಅರ್ಥವಾದದ್ದು ಆಗ. ಮರದ ಬುಡದಲ್ಲಿ ನಮ್ಮ ಚಿತ್ರಾನ್ನದ ಸುತ್ತ ಬೂದಿಯಿಂದ ಗೆರೆ ಎಳೆದು ಯಾರೂ ದಾಟದಂತೆ ಕಾಯುತ್ತಿದ್ದರು. ನಾನು ಹಿಂಡಿದ ನಿಂಬೆಹೋಳಿನ ಮೇಲೆ ಮಂಕರಿ ಮುಚ್ಚಿ ಕಲ್ಲು ಹೇರಿದ್ದರು.

"ಅಣ್ಣ, ಸ್ಕೂಟರ್ ಹತ್ತು, ಹೋಗೋಣ" ಎಂದು ಅವನ ಅಂಗಿ ಎಳೆದೆ.

"ಥೂ, ಬಿಡೋ. ಬೆಳಕು ಎಷ್ಟು ಚೆನ್ನಾಗಿದೆ!" ಎಂದು ಆ ಮಹಾಶಯ ಬಾವಿಯ ಆಚೆಯವರಿಗೆ ಕೂಗಿದ. "ನೋಡಿ ಸಾ, ಗಾಳಿ ತಡೀದಿದ್ರೆ ಇದು ಆಗೋ ಕೆಲಸ ಅಲ್ಲ. ಹತ್ತು ಹನ್ನೆರಡು ಜನ ಕಂಬಳಿ, ದುಪ್ಪಟಿ ತನ್ನಿ. ಮರದ ಸುತ್ತ ಅಡ್ಡ ಹಿಡ್ಕೊಂಡು ನಿಂತ್ಕೊಳ್ಳಿ. ಯಾರೂ ಉಸುರು ಬಿಡ್ಬಾರ್ದು!"

ಹೆದರಿದ ಊರಿನಷ್ಟು ಶಿಸ್ತು ಯಾವ ಇಲಾಖೆಯಲ್ಲೂ ಇಲ್ಲ. ಐದು ನಿಮಿಷದಲ್ಲಿ ಹನ್ನೆರಡು ಗಂಡಸರು ಕಂಬಳಿ ಹಿಡಿದು ಸುತ್ತ ನಿಂತರು. ಉಸಿರು ಬಿಗಿಹಿಡಿದರು. ಒಳಗೆ ರಾಮಲಿಂಗಯ್ಯ ಕೊಂಬೆಯ ಕೆಳಗೆ ಕತ್ತೆತ್ತಿ, ಬಾಯಿ ತೆರೆದು, ಒಂದು ಕಣ್ಣು ಮುಚ್ಚಿ ನಿಂತ. ಎಲೆ ಅಲ್ಲಾಡಲಿಲ್ಲ. ಗೊಂಚಲಿನ ಮೇಲೆ ಒಂದು ಕೆಂಪಿರುವೆ ಹತ್ತಿಕೊಂಡಿತ್ತು.

"ಇರುವೆ ಅದೆ ಅಣ್ಣ" ಎಂದೆ.

"ಇದ್ರೆ ಇರ್ಲಿ, ಅದು ನನ್ನ ಮಾತು ಕೇಳಿ ಇಳೀತದಾ?"

ಹನ್ನೆರಡು ಮುಖಗಳು ಕೆಂಪಾಗಿ, ಕೆಂಪು ಹೋಗಿ ನೀಲಿಯಾಗುವ ಹೊತ್ತಿಗೆ ಅವನು ಕಿರುಚಿದ. "ಬಂತು! ಬಂತು!"

ಕಂಬಳಿಗಳು ಅಲ್ಲೇ ಬಿದ್ದವು, ಹಿಡಿದವರು ಗದ್ದೆಯ ಬದುವಿನ ಮೇಲೆ ಕಂಡರು. ಒಂದು ಕಂಬಳಿ ರಾಮಲಿಂಗಯ್ಯನ ತಲೆಯ ಮೇಲೇ ಬಿದ್ದಿತ್ತು. ಅದರೊಳಗಿಂದಲೇ ಫೋನ್ ಎತ್ತಿ ಹಿಡಿದು, "ಸಿಕ್ತು! ಇದ್ರೊಳಗೇ ಹಿಡ್ಕೊಂಡೆ!" ಎಂದು ಕುಣಿದ.

"ಫೋನಲ್ಲೇ ಹಿಡ್ಕಂಡ್ರಾ ಸಾಮಿ?" ಎಂದು ಬದುವಿನ ಮೇಲಿಂದ ಪುಟ್ಟಮಾದಪ್ಪ ಕೇಳಿದ.

"ಈಗೆಲ್ಲಾ ಆನ್‌ಲೈನೇ ಕಣಪ್ಪ" ಎಂದು ಬಸವೇಶ ಅಪ್ಪನಿಗೆ ತಿಳಿಹೇಳಿದ.

ಒಬ್ಬೊಬ್ಬರಾಗಿ ವಾಪಸು ಬಂದರು. ಮುದುಕಿ ಕೆಂಪು ದಾರ ತೋರಿಸಿ, "ಅದ್ನೂ ಬಿಚ್ಬುಡಪ್ಪ. ಬೆಳುಗ್ಗಿಂದ ನಮ್ಮ ಬಸವೇಶ ಕೋಲಲ್ಲಿ ತಿವ್ದು ತಿವ್ದು ಸಾಕಾದ, ಬಿಚ್ಕತಾನೇ ಇಲ್ಲ" ಎಂದರು. ರಾಮಲಿಂಗಯ್ಯ ಎರಡು ಬೆರಳಲ್ಲಿ ಗಂಟು ಮಡಿಸಿ ಒಂದು ಸಲ ಎಳೆದ. ಏಳು ಸುತ್ತೂ ಸರ್ರನೆ ಜಾರಿ ಕೈಗೆ ಬಂತು. ಗುಂಪಿನಲ್ಲಿ ಒಬ್ಬಿಬ್ಬರು ಅಡ್ಡಬಿದ್ದರು.

ಆ ಕ್ಷಣಕ್ಕೆ ಸರಿಯಾಗಿ ಬಸವೇಶನ ಫೋನ್ ಬಡಿದುಕೊಂಡಿತು. ಎಲ್ಲರಿಗೂ ಕೇಳುವಂತೆ ಒಂದು ದನಿ ಹೇಳಿತು: "ನಾವಿಬ್ರೂ ಕೊಳ್ಳೇಗಾಲ್ದಿಂದ ಹೊರ್ಟೋರು ಕಣಪ್ಪ. ದಾರೀಲಿ ಸ್ಕೂಟ್ರು ಪಂಚರ್ ಆಗ್ಯದೆ. ಮಾಟ ತೆಗೆಯಾಕೆ ನಾಳಿಕ್ಕೆ ಬಂದ್ರೆ ಆದದಾ?"

ಅರವತ್ತು ಕಣ್ಣು ನಮ್ಮ ಮೇಲೆ ತಿರುಗಿದವು.

"ಅಂಗಾರೆ ನೀವ್ಯಾರು?" ಎಂದ ಪುಟ್ಟಮಾದಪ್ಪ. ಸಾಮಿ ಎನ್ನಲಿಲ್ಲ.

"ನಾನು ರಾಮಲಿಂಗಯ್ಯ. ಹೂ ತೆಗೆಯೋಕೆ ಬಂದೋನು."

"ಊ ತೆಗೆಯಾಕಾ? ಫಸಲಿನ ಮರದ್ದು ಊ ಕೀಳಕ್ಕೆ ಬಂದಿದ್ದೀಯೇನ್ಲಾ? ಆ ಗಂಟು ನಿಂಗೆಂಗ್ಲಾ ಬಿಚ್ಕತ್ತು?"

"ನಾನೇ ಕಟ್ಟಿದ್ದಲ್ವಾ ಸಾ, ನನಗೆ ಬಿಚ್ಚೋಕೆ ಬರಲ್ವಾ?" ಎಂದು ನಮ್ಮ ಹರಿಶ್ಚಂದ್ರ ಉತ್ತರ ಕೊಟ್ಟ.

ನಾನು ಸ್ಕೂಟರಿನ ಕಡೆ ನೋಡಿದೆ. ಕೀಲಿ ಬಸವೇಶನ ಕೈಯಲ್ಲಿತ್ತು. ಮುಂದಿನ ಹತ್ತು ನಿಮಿಷ ನಾನು ಜೆರಾಕ್ಸ್ ಅಂಗಡಿಯವನಾಗಿ ಬದುಕಿನಲ್ಲಿ ಆಡದಷ್ಟು ಮಾತಾಡಿದೆ. ಷಡ್ಡಕ, ಬೀಗರು, ಧಾರೆ ಸೀರೆ, ಶಪಥ, ಚಿತ್ರಾನ್ನ, ಹುಳಿ ಕಮ್ಮಿಯಾದದ್ದು, ಎಲ್ಲ ಹೇಳಿದೆ. ಯಾರೂ ನಂಬಲಿಲ್ಲ. ಮಾಟವೇ ನಂಬುವುದಕ್ಕೆ ಸುಲಭವಾಗಿತ್ತು.

"ಇರ್ರಲಾ" ಎಂದು ಚನ್ನಾಜಮ್ಮ ಕೋಲು ಕುಟ್ಟಿದರು. "ಅದೇನ್ ಇಡ್ಕಂಡಿದ್ದೀಯೋ ತೋರ್ಸು."

ರಾಮಲಿಂಗಯ್ಯ ಫೋನನ್ನು ಅವರ ಮುಖದ ಮುಂದೆ ಹಿಡಿದ. ಮುದುಕಿ ಬಗ್ಗಿ ನೋಡಿದರು, ತುಂಬಾ ಹೊತ್ತು ನೋಡಿದರು. ಕೆನೆಬಣ್ಣದ ಐದೈದು ಎಸಳು, ಎಸಳಿನ ಮೇಲೆ ಅರಿಶಿನದ ಗೀರು, ಅಂಚಿಗೆ ನಸುಗೆಂಪು. ನಿಜ ಹೇಳಬೇಕೆಂದರೆ ನನಗೂ ಅಷ್ಟು ಚಂದದ ಹೂವು ಇದೆಂದು ಗೊತ್ತಿರಲಿಲ್ಲ, ನಾನು ಮಾವನ್ನು ಉಪ್ಪಿನಕಾಯಿಯಿಂದ ಈಚೆಗೆ ಮಾತ್ರ ಬಲ್ಲವನು.

"ಇದು ನಮ್ಮ ಮರದ್ದಾ?"

"ನಿಮ್ಮ ಮರದ್ದೇ ಅಜ್ಜಿ."

"ನಾನೇ ನೆಟ್ಟು, ನೀರೊಯ್ದು ಬೆಳ್ಸಿವ್ನಿ. ಇಷ್ಟ್ ವರ್ಸದಲ್ಲಿ ಇದರ ಮಕ ನೋಡಿರ್ನಿಲ್ಲ ಕಣಪ್ಪ" ಎಂದು ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಬೆರಳಿಟ್ಟು, "ಇದೇನು ಅಸುರುಗೆ, ರಾಗಿಕಾಳಷ್ಟು?" ಎಂದರು. ರಾಮಲಿಂಗಯ್ಯ ಬೆರಳಲ್ಲಿ ಹಿಗ್ಗಿಸಿ ತೋರಿಸಿದ. ಮುದುಕಿಯ ಮುಖ ಅರಳಿತು. "ಲೇ ಪುಟ್ಟಮಾದ! ಕಾಯಿ ಕಚ್ಚ್ಯದ ಕಣ್ಲಾ! ಕಾಯಿ ಕಚ್ಚ್ಯದ, ಅದ್ಕೇ ಮಿಕ್ಕಿದ್ ಊವು ಉದುರ್ಯದ. ಯಾವ ಮಾಟ್ಲಾ, ನಿಮ್ಮ ತಲೆ!"

ಬೂದಿಯ ಗೆರೆ ಅಳಿಸಿದರು. ಮಂಕರಿ ಎತ್ತಿದರು. ಊರಿನವರೆಲ್ಲ ಸಾಲಾಗಿ ನಿಂತು ಭೂತಗನ್ನಡಿಯಲ್ಲಿ ಹೀಚು ನೋಡಿದರು. ನಮಗೆ ಮಜ್ಜಿಗೆ ಕೊಟ್ಟರು. ಪಂಚರ್ ಆದವರಿಗೆ ಬರುವುದು ಬೇಡ ಎಂದು ಬಸವೇಶ ಫೋನ್ ಮಾಡಿದ. ಹೊರಡುವಾಗ ಚನ್ನಾಜಮ್ಮ ಅಪ್ಪಣೆ ಕೊಡಿಸಿದರು, "ಮದ್ವೆಗೆ ನನ್ನುನ್ನ ಕರೀಬೇಕು. ಊ ನಂದು."

ದಿನೇಶ ಗ್ರಾಫ್ ಹಾಕಿದ, ಕಾರ್ಡು ಬಂತು. ರಾಮಲಿಂಗಯ್ಯ ಬಾಗಿಲು ಹಾಕಿಕೊಂಡು ನೇಯ್ದ. ಆ ಮಗ್ಗದಲ್ಲಿ ಸೀರೆಯ ಒಳಮೈ ಮೇಲಿರುತ್ತದೆ, ಹೊರಮೈ ಕೆಳಗಿರುತ್ತದೆ. ಹಾಗಾಗಿ ಹೂವಿನ ನಿಜರೂಪ ಕಂಡದ್ದು ಮದುವೆಗೆ ನಾಲ್ಕು ದಿನವಿದ್ದಾಗ, ಸೀರೆ ಕೊಯ್ದು ಬಿಚ್ಚಿ ಹರಡಿದ ಮೇಲೆ. ಹಸಿರು ಮೈಮೇಲೆ ಕೆನೆಬಣ್ಣದ ಹೂವು, ಜರಿಯ ಕೇಸರ. ನನಗೆ ಮಾತೇ ಹೊರಡಲಿಲ್ಲ.

ರಂಗಮ್ಮನಿಗೆ ಹೊರಟಿತು. "ಇದೇನ್ರೀ ಇದು ಕೆಂಪುಗೆ? ಇರುವೆ!"

ಇರುವೆಯೇ. ಆರು ಕಾಲು, ಎರಡು ಮೀಸೆ. ಒಂದಲ್ಲ, ಒಂದೊಂದು ಬುಟ್ಟಾಕ್ಕೂ ಒಂದೊಂದು. ಸೆರಗಿನಿಂದ ನೆರಿಗೆಯವರೆಗೆ ಸಾಲು ಹೊರಟಿತ್ತು.

ದಿನೇಶನನ್ನು ಎಳೆದು ತಂದೆ. "ಫೋಟೊದಲ್ಲಿರೋದು ಒಂದ್ನೂ ಬಿಡ್ಬೇಡ ಅಂದಿದ್ರಲ್ಲಣ್ಣ? ನಾನು ಕೆಂಪು ಮೊಗ್ಗು ಅಂದ್ಕಂಡೆ" ಎಂದ.

"ಮೊಗ್ಗಿಗೆ ಕಾಲಿರ್ತದೇನೋ!" ಎಂದು ರಂಗಮ್ಮ ಕೈಗೆ ಸಿಕ್ಕಿದ ಲಾಳಿ ಎತ್ತಿದಳು. ರಾಮಲಿಂಗಯ್ಯ ಮಗ್ಗದ ಹಲಗೆಯ ಮೇಲೆ ಕೂತುಬಿಟ್ಟ. ಅವನು ಮಾತಾಡದೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಗ್ಗದ ಕಂಬ ಸವರುತ್ತ, "ಬೀಗ್ರು ನಗ್ತಾರೆ ಕಣೋ. ನಮ್ಮಪ್ಪ ಕೂತಿದ್ದ ಜಾಗ ಇದು" ಎಂದ. ಲಿಖಿತಾ ಮಾತ್ರ ಸೀರೆಯನ್ನು ಹೆಗಲಿಗೆ ಹಾಕಿಕೊಂಡು, "ನಾನು ಇದನ್ನೇ ಉಡೋದು. ಅಪ್ಪ ನೇಯ್ದಿದ್ದು" ಎಂದಳು. ಅಲ್ಲಿಗೆ ಮುಗಿಯಿತು.

ಧಾರೆಯ ದಿನ ಕಲ್ಯಾಣ ಮಂಟಪದಲ್ಲಿ ಬೀಗರು ಕನ್ನಡಕ ಒರೆಸಿಕೊಂಡು ಮೊದಲ ಸಾಲಿನಲ್ಲೇ ಕೂತಿದ್ದರು. ಪಕ್ಕದಲ್ಲಿ ಚನ್ನಾಜಮ್ಮ, ಕಾಲ ಬಳಿ ಒಂದು ಮಂಕರಿ ರಸಪುರಿ. ಕಂಬದ ಹಿಂದೆ ನಿಂತಿದ್ದ ರಾಮಲಿಂಗಯ್ಯನನ್ನು ಧಾರೆ ಎರೆಯಲು ನಾನೇ ತಳ್ಳಿಕೊಂಡು ಹೋಗಬೇಕಾಯಿತು. ಧಾರೆ ಆಯಿತು. ಗಟ್ಟಿಮೇಳ ಶುರುವಾಯಿತು. ಮದುಮಗ ತಾಳಿ ಹಿಡಿದು ಬಗ್ಗಿದ, ಬಗ್ಗಿದವನು ಹಾಗೇ ನಿಂತ.

ಲಿಖಿತಾಳ ಭುಜದ ಮೇಲೆ ಒಂದು ಕೆಂಪಿರುವೆ.

ಹುಡುಗ ತಾಳಿಯನ್ನು ಎಡಗೈಗೆ ತೆಗೆದುಕೊಂಡು, ಬಲಗೈಯ ಒಂದು ಬೆರಳಲ್ಲಿ ಮೆಲ್ಲಗೆ ಅದನ್ನು ಒರೆಸಿದ. ಹೋಗಲಿಲ್ಲ. ಮತ್ತೆ ಒರೆಸಿದ. ಕಚ್ಚೀತು ಎಂಬ ಗಾಬರಿಯಲ್ಲಿ ಬಗ್ಗಿ ಉಫ್ ಎಂದು ಊದಿದ. ಅಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ಲಿಖಿತಾ ತಡೆಯಲಾರದೆ ಕಿಸಕ್ಕನೆ ನಕ್ಕು, "ಅದು ನೇಯ್ದಿರೋದು" ಎಂದಳು. ವೀಡಿಯೊದವನ ಮೈಕಿನಲ್ಲಿ ಅದು ಇಡೀ ಮಂಟಪಕ್ಕೆ ಕೇಳಿಸಿತು.

ನಗು ಎದ್ದಿತು ನೋಡಿ! ವಾಲಗದವನು ನಕ್ಕು ನಕ್ಕು ಊದಲಾಗದೆ ನಿಲ್ಲಿಸಿಬಿಟ್ಟ. ಬೀಗರು ಎದ್ದು ಹೋಗಿ ಸೊಸೆಯ ಸೆರಗಿಗೆ ಮೂಗು ತಾಗಿಸುವಷ್ಟು ಬಗ್ಗಿ ನೋಡಿದರು. ಚನ್ನಾಜಮ್ಮ ಹಿಂದಿನಿಂದ ಕೂಗಿ ಹೇಳಿದರು, "ಅದು ನಮ್ಮ ಮರದ್ ಇರುವೆ ಕಣಪ್ಪ! ನಂಗೆ ಗುರ್ತದ!"

ಬೀಗರು ನೇರವಾಗಿ ಬಂದು ರಾಮಲಿಂಗಯ್ಯನ ಎರಡೂ ಕೈ ಹಿಡಿದುಕೊಂಡರು. "ಹೂವಿಗಲ್ಲ ಬೀಗ್ರೇ, ಹೂವಿನ ಮೇಲಿನ ಇರುವೆಗೇ ಮೋಸ ಹೋದ ನನ್ಮಗ. ನಾಳೆಯಿಂದ ನೀವು ಮಗ್ಗ ಮುಟ್ಬಹುದು. ನನ್ನ ಕಿರೀ ಮಗಳಿಗೂ ಒಂದು ಇಂಥದ್ದೇ ಆಗ್ಬೇಕು, ಇರುವೆ ಸಮೇತ."

ರಾಮಲಿಂಗಯ್ಯನ ಕಣ್ಣಲ್ಲಿ ನೀರು ತುಂಬಿತು. ನನಗೂ ತುಂಬಿತು, ಏಕೆಂದು ಕೇಳಬೇಡಿ. ಆಮೇಲೆ ಅವನು ಕಣ್ಣೊರೆಸಿಕೊಂಡ, ಕಾಲರ್ ಸರಿಮಾಡಿಕೊಂಡ, ಗಂಟಲು ಕೆರೆದುಕೊಂಡ.

"ಎಲ್ರೂ ಹೂವು ನೋಡ್ತಾರೆ ಬೀಗ್ರೇ, ಇರುವೇನ ಯಾರು ನೋಡ್ತಾರೆ? ಅದ್ಕೇ ನಾನು ಬೇಕೂಂತ್ಲೇ ಹಾಕ್ಸಿದ್ದು" ಎಂದ.

ದಿನೇಶ ನನ್ನ ಮುಖ ನೋಡಿದ. ನಾನು ಬಾಯಿ ತೆರೆದವನು ಮುಚ್ಚಿಕೊಂಡು, ಒಂದು ರಸಪುರಿ ಹಣ್ಣು ತೆಗೆದುಕೊಂಡೆ. ನನ್ನ ಮಗಳ ಧಾರೆ ಸೀರೆಯನ್ನೂ ಅವನೇ ನೇಯಬೇಕಲ್ಲ!